ಚೆನ್ನಯ್ಯನ ಅಂಬಲಿ



ಮಾದಾರ ಚೆನ್ನಯ್ಯನವರ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಪ್ರವಚನಗಳಲ್ಲಿ ಕೇಳುತ್ತ ಬಂದಿದ್ದೇವೆ. ಚೋಳರಾಜನ ಲಾಯಕ್ಕೆ ಹುಲ್ಲು ತಂದು ಹಾಕುವ ಕಾಯಕದ ಆ ಶರಣರು ಯಾರ ಕಣ್ಣಿಗೂ ಬೀಳದಂತೆ ಶಿವಪೂಜೆ ಮಾಡಿ, ತಮ್ಮ ಪಾಲಿನ ಅಂಬಲಿಯನ್ನು ಶಿವನಿಗೆ ಅರ್ಪಿಸಿ ಸೇವಿಸುತ್ತಿದ್ದರು. ಒಂದು ದಿನ ಅರಸನ ಷಡ್ರಸದ ನೈವೇದ್ಯವನ್ನು ಶಿವನು ಮುಟ್ಟಲಿಲ್ಲ. ಕಾರಣವನ್ನು ಕೇಳಲಾಗಿ, ಚೆನ್ನಯ್ಯನ ಮನೆಯ ಅಂಬಲಿಯನ್ನುಂಡು ತೃಪ್ತನಾಗಿರುವೆನೆಂಬ ಉತ್ತರ ಬಂದಿತು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಚೆನ್ನಯ್ಯನವರ ಕಥೆ ಇದೆ. 1369ರಲ್ಲಿ ಭೀಮಕವಿಯು ಆ ಪುರಾಣವನ್ನು ಕನ್ನಡಕ್ಕೆ ತಂದನು. ಕಥೆಯ ಅರಸನಿಗೆ ಕರಿಕಾಲ ಚೋಳನೆಂದು ಹೆಸರು. ಇತಿಹಾಸದ ಕರಿಕಾಲನು ಸಂಗಂ ಕಾಲದವನಾದ್ದರಿಂದ ಕಾಲಗಣನೆ ಹೊಂದುವುದಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ನನಗೆ ಅದೊಂದು ದೊಡ್ಡ ಕೊರತೆಯಾಗಿ ಕಂಡಿಲ್ಲ. ಅರಸನ ಹೆಸರು ಅದಲುಬದಲಾಗಿರಬಹುದು; ಊಟದ ಹೆಸರನ್ನು ಮಾತ್ರ ಜನ ಮರೆತಿಲ್ಲ.

ಬಸವಣ್ಣನವರು ಈ ಚೆನ್ನಯ್ಯನವರನ್ನು ತಮ್ಮ ತಂದೆಯೆಂದು ಕರೆದುಕೊಂಡರೆಂಬುದು ವಚನಗಳನ್ನೋದುವ ಎಲ್ಲರಿಗೂ ತಿಳಿದದ್ದೇ. ತಂದೆಯೆಂದ ಮೇಲೆ ಆ ಮನೆಯ ಗಡಿಗೆಯೂ ತಮ್ಮದಾಯಿತಲ್ಲವೆ? ಆದಕಾರಣ ಆ ಗಡಿಗೆಯಲ್ಲಿದ್ದ ಪದಾರ್ಥದ ಚರಿತ್ರೆಯನ್ನು ತುಸು ವಿಚಾರಿಸೋಣ.

ಹಳೆಯ ಕನ್ನಡದಲ್ಲಿ ಅಂಬಕಳವೆಂಬ ರೂಪವೂ ಇರುವ ಈ ಅಂಬಲಿಯು ತೆಲುಗಿನಲ್ಲಿಯೂ ಅಂಬಲಿಯೇ, ಮರಾಠಿಯಲ್ಲಿ ಆಂಬೀಲ. ದಕ್ಷಿಣದ ಜಿಲ್ಲೆಗಳಲ್ಲಿ ಅದು ರಾಗಿಯದು, ನಮ್ಮ ಕಡೆ ಜೋಳದ್ದು. ಹಿಟ್ಟನ್ನು ನೀರಿನಲ್ಲಿ ಕದಡಿ, ಹುಳಿ ಬರಿಸಿ, ಕಾಯಿಸಿ, ಉಪ್ಪು ಮಜ್ಜಿಗೆಗಳನ್ನು ಬೆರೆಸಿದರೆ ಮುಗಿಯಿತು. ಒಂದು ರೊಟ್ಟಿಗೆ ಬೇಕಾಗುವ ಹಿಟ್ಟಿನಲ್ಲಿ ನಾಲ್ಕು ಜನರ ಹೊಟ್ಟೆಯನ್ನು ತಣಿಸಬಹುದು. ಬಡವರ ಮನೆಗೆ ಅದು ಒಗ್ಗಿದ ಗುಟ್ಟು ಇದೇ. ಹುಳಿ ಬಂದದ್ದು ಬಿಸಿಲಿನಲ್ಲಿ ದುಡಿಯುವವರಿಗೆ ತಂಪು. ಬೆಳಗಿನದು ಮಧ್ಯಾಹ್ನಕ್ಕೂ ಕೆಡದು. ಜೋಳ, ರಾಗಿಗಳೆರಡೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಈ ನೆಲಕ್ಕೆ ಬಂದ ಧಾನ್ಯಗಳು. ನಮ್ಮದೆಂದು ಎದೆ ತಟ್ಟಿಕೊಳ್ಳುವ ರೊಟ್ಟಿಯೂ ಮುದ್ದೆಯೂ ಒಂದು ಕಾಲದ ಅತಿಥಿಗಳೇ.

ಅರಮನೆಯ ಅಡುಗೆಗೆ ಗ್ರಂಥಗಳುಂಟು. ಬಸವಣ್ಣನವರ ಕಾಲಕ್ಕೆ ತುಸು ಮುನ್ನ ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ (1126-1138) ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಭಾಗವಿದ್ದು, ಇಂದಿನ ಇಡ್ಲಿ, ದೋಸೆ, ವಡೆಗಳ ಪೂರ್ವಜರೂ ನಾನಾ ಬಗೆಯ ಮಾಂಸದಡುಗೆಗಳೂ ಅಲ್ಲಿ ವಿವರವಾಗಿ ಬಂದಿವೆ. ಹದಿನಾರನೆಯ ಶತಮಾನದ ಆರಂಭದ ಹೊತ್ತಿಗೆ ಮೂರನೆಯ ಮಂಗರಸನು ಕನ್ನಡದಲ್ಲಿಯೇ ಸೂಪಶಾಸ್ತ್ರವನ್ನು ರಚಿಸಿದನು. ಹುಲ್ಲು ಹೊರುವವನ ಗಡಿಗೆಗೆ ಸೂಪಶಾಸ್ತ್ರವನ್ನು ಬರೆದವರಾರು? ಅದರ ನೆನಪು ಉಳಿದದ್ದು ಶರಣರ ಕಥೆಯಲ್ಲಿ ಮತ್ತು ಹೆಂಗಸರ ಕೈಯಲ್ಲಿ.

ಅದು ಹೆಮ್ಮೆಯ ನೆನಪಾಗಿ ಮಾತ್ರ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಅಂಬಲಿ ಗಂಜಿಗಳೊಡನೆ ಬರಗಾಲದ ನೆನಪು ಅಂಟಿಕೊಂಡಿದೆ. ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ 1876-78ರ ಕ್ಷಾಮವು ಬಳ್ಳಾರಿ, ಧಾರವಾಡ, ವಿಜಾಪುರ, ಮೈಸೂರು ಸೀಮೆಗಳನ್ನು ನುಂಗಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಅದು 41.8 ಲಕ್ಷ. ಆಗ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್‌ನು ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅದರೊಡನೆ ತುಸು ಚಿಲ್ಲರೆ ಹಣ ಸಾಕೆಂದು ನಿಗದಿ ಮಾಡಿದನು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಇಡೀ ದಿನ ಕಲ್ಲು ಮಣ್ಣು ಹೊತ್ತವನಿಗೆ! ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ಗಂಜಿ ಕೇಂದ್ರವೆಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ಮುಖ ಕಿವುಚುವವರಿದ್ದಾರೆ. ಈಚಿನ ನೆರೆಹಾವಳಿಗಳಲ್ಲಿ ಸರಕಾರವು ಅದನ್ನು ಕಾಳಜಿ ಕೇಂದ್ರವೆಂದು ಕರೆಯತೊಡಗಿದ್ದು ಸುಮ್ಮನೆ ಅಲ್ಲ.

ಈ ನಾಚಿಕೆಯನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ. ಪಟ್ಟಣದ ಬೀಗರು ಬಂದರೆ ನಮ್ಮ ಅಜ್ಜಿ ಅಂಬಲಿಯ ಗಡಿಗೆಯನ್ನು ಬಾಗಿಲ ಮರೆಗೆ ಸರಿಸಿ, ಇದ್ದಬದ್ದ ಅಕ್ಕಿಯನ್ನು ಬೇಯಿಸುತ್ತಿದ್ದರು. ಆಗ ನಮ್ಮಲ್ಲಿ ಅನ್ನವೆಂದರೆ ಹಬ್ಬದ ಊಟ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದು ಬಡಕುಟುಂಬಗಳಿಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ದೊರೆತಾಗ ಹಸಿವು ಇಳಿಯಿತು; ಅದನ್ನು ಆಡಿಕೊಳ್ಳುವವನು ಹಸಿದು ಮಲಗಿದವನಲ್ಲ. ಜೊತೆಗೇ ಬೀಸುಕಲ್ಲಿನ ಮನೆಗಳಿಂದ ಜೋಳವೂ ಮೆಲ್ಲಗೆ ಸರಿಯಿತು. ಮುಂದೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಅಜ್ಜಿ ಮರೆಮಾಡಿದ ಅಂಬಲಿಯನ್ನು ಈಗ ನಗರಗಳಲ್ಲಿ ಆರೋಗ್ಯದ ಪೇಯವೆಂದು ಬೆಲೆ ಕೊಟ್ಟು ಕುಡಿಯುತ್ತಾರೆ. ಸಂತೋಷವೇ. ಆದರೆ ಚೆನ್ನಯ್ಯನವರ ಕಥೆಯಲ್ಲಿ ಶಿವನು ಅಂಬಲಿಯ ಗುಣವನ್ನು ಕಂಡು ಬಂದವನಲ್ಲ, ಯಾರ ಮನೆಯ ಅಂಬಲಿಯೆಂಬುದನ್ನು ಕಂಡು ಬಂದವನು.

ಕಲ್ಯಾಣದ ನೆಲದಲ್ಲಿ, ಬೀದರ ಕಲಬುರಗಿಗಳ ಸೀಮೆಯಲ್ಲಿ, ಅಂಬಲಿಗೆ ಒಂದು ದಿನದ ಪಟ್ಟವುಂಟು. ಮಾರ್ಗಶಿರ ಮಾಸದ ಕೊನೆಯ ಎಳ್ಳು ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಜೋಳದ ದಂಟಿನ ಗುಡಿಸಲು ಕಟ್ಟಿ, ಭೂಮಿತಾಯಿಯನ್ನು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ ಊಟಕ್ಕೆ ಕೂಡುತ್ತಾರೆ. ಸಜ್ಜೆಯ ರೊಟ್ಟಿ, ಹಸಿ ಕಾಳು, ಸೊಪ್ಪುಗಳೆಲ್ಲ ಕೂಡಿದ ಭಜ್ಜಿ, ಮಣ್ಣಿನ ಗಡಿಗೆಯಲ್ಲಿ ಹುಳಿ ಬಂದ ಅಂಬಲಿ. ಭಜ್ಜಿಗೆ ಹಾಕುವ ಹಸಿಮೆಣಸಿನಕಾಯಿಯನ್ನಾಗಲಿ ಶೇಂಗಾವನ್ನಾಗಲಿ ಶರಣರು ಕಂಡವರಲ್ಲ. ಅವು ಪೋರ್ಚುಗೀಸರು ಈ ತೀರಕ್ಕೆ ಬಂದ ಮೇಲೆ ಅಮೆರಿಕಾ ಖಂಡದಿಂದ ಬಂದವು. ಮೆಣಸಿನ ಕಾಯಿಯೆಂದು ಹಳೆಯ ಮೆಣಸಿನ ಹೆಸರನ್ನೇ ಅದಕ್ಕಿಟ್ಟು ಮನೆಯೊಳಗೆ ಕರೆದುಕೊಂಡರು. ಗಡಿಗೆಯ ಅಂಬಲಿಯಾದರೋ ಅವರಿಗೆ ಗುರುತು ಸಿಕ್ಕೀತು.

ನಮ್ಮ ಹೊಲದ ಎಳ್ಳು ಅಮಾವಾಸ್ಯೆಯಲ್ಲಿ ನಾನು ಚಿಕ್ಕವನಿದ್ದಾಗ ಗಡಿಗೆ ಒಂದೇ, ಸಾಲು ಎರಡು. ಬಿತ್ತಿ, ಕಳೆ ಕಿತ್ತು, ರಾಶಿ ಮಾಡಿದವರು ಬದುವಿನ ಆಚೆ ಕೂಡುತ್ತಿದ್ದರು. ಅವರು ತಂದ ತಂಬಿಗೆಗಳಿಗೆ ಅಂಬಲಿಯನ್ನು ಮೇಲಿನಿಂದ ಸುರಿಯುತ್ತಿದ್ದರು. ಅದೇ ಸಂಜೆ ಮಠದಲ್ಲಿ ಚೆನ್ನಯ್ಯನವರ ಕಥೆಯನ್ನು ಕೇಳಿ ಕಣ್ಣೊರೆಸಿಕೊಂಡವರಲ್ಲಿ ನಾವೂ ಇದ್ದೆವು. ಇದರಲ್ಲಿ ಏನೋ ಹೊಂದುತ್ತಿಲ್ಲವೆಂದು ಆಗ ಯಾರಿಗೂ ಅನ್ನಿಸಲಿಲ್ಲ, ನನಗೂ.

ಈಗ ಸಾಲು ಒಂದೇ ಆಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹೊಲದಲ್ಲಿ ನಲವತ್ತು ವರ್ಷ ದುಡಿದ ಹಿರಿಯ ಹೆಣ್ಣುಮಗಳೊಬ್ಬರು ನಮ್ಮ ಮನೆಯವರು ಮಾಡಿದ ಅಂಬಲಿಯನ್ನು ಒಂದು ಗುಟುಕು ಕುಡಿದು ನಕ್ಕರು. "ಅಕ್ಕೋರ, ಮಜ್ಜಿಗಿ ಸುರುವಿ ಹುಳಿ ಮಾಡೀರಿ. ಇದು ಅಂಬಲಿ ಅಲ್ರಿ. ನಾಳಿ ನಮ್ಮನಿಗಿ ಬರ್ರಿ" ಎಂದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾಲ್ಕು ತಲೆಮಾರಿನ ಪರಿಚಯವಿದ್ದರೂ ಅವರ ಮನೆಯ ಹೊಸ್ತಿಲನ್ನು ನಾವು ದಾಟಿರಲಿಲ್ಲ.

ಮರುದಿನ ಹೋದೆವು. ಒಲೆಯ ಬದಿಯ ಬೆಚ್ಚನೆಯ ಮೂಲೆಯಲ್ಲಿ ಗಡಿಗೆಯಿತ್ತು. ಮೂರು ದಿನದ ಹಿಂದೆ ಹಿಟ್ಟು ಕದಡಿಟ್ಟದ್ದೆಂದರು. ಕುದಿಯುವ ನೀರಿಗೆ ಆ ಹುಳಿಹಿಟ್ಟನ್ನು ಒಂದೇ ಕೈಯಿಂದ ಬಿಡುತ್ತ, ಮತ್ತೊಂದು ಕೈಯಿಂದ ತಿರುವುತ್ತ, ಬೇಯಿಸಿಟ್ಟ ಜೋಳದ ನುಚ್ಚನ್ನು ಕೂಡಿಸಿದರು. ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಆರಿದ ಮೇಲೆ ಒಂದಿಷ್ಟೇ ಮಜ್ಜಿಗೆ. ನನ್ನ ಹೆಂಡತಿ ಎರಡು ಸಲ ಕೇಳಿ ಹಾಕಿಸಿಕೊಂಡಳು. ಹೊರಡುವಾಗ ಆ ತಾಯಿ, ಮುಂದಿನ ಸಲಕ್ಕೆ ಹುಳಿ ಹಿಡಿಯಲೆಂದು ತಳದಲ್ಲಿ ಉಳಿದದ್ದನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಟ್ಟರು.