ಟಾಮ್‌ಕ್ಯಾಟ್: ಜಾವಾ ಜಾಲ ತಂತ್ರಾಂಶಗಳ ನೆಲೆ

ಸರ್ವ್‌ಲೆಟ್ ಆಧಾರಿತ ಜಾವಾ ತಂತ್ರಾಂಶವನ್ನು ಜಾಲತಾಣದಲ್ಲಿ ನಡೆಸಲು ಸರ್ವ್‌ಲೆಟ್ ಕಂಟೇನರ್ ಅವಶ್ಯಕ. ಇವುಗಳಲ್ಲಿ ಸುಪ್ರಸಿದ್ಧವಾದುದು ಅಪಾಚೆ ಟಾಮ್‌ಕ್ಯಾಟ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೇಮ್ಸ್ ಡಂಕನ್ ಡೇವಿಡ್‌ಸನ್ ಆರಂಭಿಸಿದ ಈ ತಂತ್ರಾಂಶವು 1999ರಲ್ಲಿ ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂದಿತು.

ಅಳವಡಿಕೆ: ಪುಟಗಳು, ಕ್ಲಾಸ್‌ಗಳು ಹಾಗೂ ಲೈಬ್ರರಿಗಳನ್ನು 'ವಾರ್' ಎಂಬ ಒಂದೇ ಕಡತವಾಗಿ ಕಟ್ಟಿ, ಟಾಮ್‌ಕ್ಯಾಟ್‌ನ 'ವೆಬ್‌ಆಪ್ಸ್' ಕೋಶದಲ್ಲಿ ಇರಿಸಬೇಕು. ಮೂಲ ಸಂಯೋಜನೆಯಲ್ಲಿ ಕಂಟೇನರ್ ತಾನೇ ಅದನ್ನು ಬಿಚ್ಚಿ ಚಾಲನೆಗೊಳಿಸುತ್ತದೆ. ತಂತ್ರಾಂಶವು 8080ನೇ ಪೋರ್ಟಿನಲ್ಲಿ ಲಭ್ಯವಾಗುತ್ತದೆ. ಕಡತದ ಹೆಸರೇ ವಿಳಾಸದ ಭಾಗವಾಗುತ್ತದೆ. ತಾಣದ ಮೂಲ ವಿಳಾಸದಲ್ಲೇ ತೆರೆಯಬೇಕಾದರೆ ಕಡತಕ್ಕೆ 'ರೂಟ್' ಎಂದು ದೊಡ್ಡಕ್ಷರಗಳಲ್ಲಿ ಹೆಸರಿಡಬೇಕು.

ಎಚ್ಚರಿಕೆ: 9ನೇ ಆವೃತ್ತಿಯವರೆಗೆ ಸುಗಮವಾಗಿ ನಡೆದ ತಂತ್ರಾಂಶ 10ರಲ್ಲಿ ಹಠಾತ್ತನೆ ನಿಲ್ಲಬಹುದು. ಒರೇಕಲ್ ಸಂಸ್ಥೆಯು 2017ರಲ್ಲಿ ಜಾವಾ ಇಇಯನ್ನು ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಲು ನಿರ್ಧರಿಸಿತಾದರೂ 'ಜಾವಾ' ವ್ಯಾಪಾರಮುದ್ರೆಯನ್ನು ಬಿಟ್ಟುಕೊಡಲಿಲ್ಲ. ಪರಿಣಾಮವಾಗಿ 2020ರ ಜಕಾರ್ತ ಇಇ 9ರಲ್ಲಿ 'ಜಾವಾಎಕ್ಸ್' ಎಂದು ಆರಂಭವಾಗುತ್ತಿದ್ದ ಪ್ಯಾಕೇಜ್ ಹೆಸರುಗಳು 'ಜಕಾರ್ತ' ಎಂದು ಬದಲಾದವು. ಟಾಮ್‌ಕ್ಯಾಟ್ 10 ಹೊಸ ಹೆಸರುಗಳನ್ನು ಮಾತ್ರ ಬಲ್ಲದು.

ಪರಿಹಾರ: ಹಳೆಯ ವಾರ್ ಕಡತವನ್ನು 'ವೆಬ್‌ಆಪ್ಸ್-ಜಾವಾಇಇ' ಕೋಶದಲ್ಲಿ ಇರಿಸಿದರೆ ಟಾಮ್‌ಕ್ಯಾಟ್ ಹೆಸರುಗಳನ್ನು ಪರಿವರ್ತಿಸಿಕೊಳ್ಳುತ್ತದೆ. ಆದರೂ ಮೊದಲು ಪ್ರತ್ಯೇಕ ಯಂತ್ರದಲ್ಲಿ ಪರೀಕ್ಷಿಸಿ, 'ಲಾಗ್ಸ್' ಕೋಶದ ದಾಖಲೆಗಳನ್ನು ಗಮನಿಸುವುದು ಕ್ಷೇಮ.