ಹಾಜರಿ ಪುಸ್ತಕದ ಹೆಸರು

ಕಾಲೇಜುಗಳ ಹಳೆಯ ವಾರ್ಷಿಕ ಸಂಚಿಕೆ ಸಿಕ್ಕಿದರೆ ನಾನು ಹಿಂದಿನಿಂದ ಓದಲು ಶುರುಮಾಡುತ್ತೇನೆ. ಪ್ರಾಂಶುಪಾಲರ ವರದಿ, ಗೆದ್ದ ಬಹುಮಾನಗಳ ಪಟ್ಟಿ, ಎಳೆಯರ ಕವಿತೆಗಳು ಎಲ್ಲ ಮುಗಿದ ಮೇಲೆ, ಸಣ್ಣ ಅಕ್ಷರಗಳಲ್ಲಿ ಹಳೆ ವಿದ್ಯಾರ್ಥಿನಿಯರ ಸುದ್ದಿ ಇರುತ್ತದೆ. ಇಂಥವಳಿಗೆ ಮದುವೆಯಾಯಿತು, ಇಂಥವಳು ಮುಂಬಯಿಯಲ್ಲಿದ್ದಾಳೆ, ಇಂಥವಳು ಕಾನ್ವೆಂಟ್ ಸೇರಿದಳು, ಇಂಥವಳಿಗೆ ಎರಡನೆಯ ಮಗು. ತಲೆಗೊಂದು ಸಾಲು. ಕರಾವಳಿಯ ಹೆಂಗಸರ ಚರಿತ್ರೆ ಬರೆಯಹೊರಟವರು ಗಂಡಸರ ಆತ್ಮಕತೆಗಳನ್ನು ಜಾಲಾಡುವುದಕ್ಕೆ ಮುಂಚೆ ಈ ಸಾಲುಗಳನ್ನು ಓದಬೇಕೆಂದು ನನಗೆ ಅನ್ನಿಸುತ್ತದೆ. ಓದುವುದು ಸುಲಭವಲ್ಲ, ಅದು ಬೇರೆ ಮಾತು.

ಮಂಗಳೂರಿನ ಬೆಂದೂರಿನಲ್ಲಿರುವ ಸಂತ ಆಗ್ನೆಸ್ ಕಾಲೇಜು ಆರಂಭವಾದದ್ದು 1921ರಲ್ಲಿ. ಆರಂಭಿಸಿದವರು ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು, ಅವರಲ್ಲಿ ಮುಖ್ಯರಾದವರು ಮದರ್ ಅಲೋಶಿಯಾ. ಈ ಸಭೆಯ ಮೊದಲ ಭಗಿನಿಯರು ಮಂಗಳೂರಿಗೆ ಬಂದಿಳಿದದ್ದು 1870ರಲ್ಲಿ. ಅಂದರೆ ಹುಡುಗಿಯರಿಗೆ ಶಾಲೆಯಿಂದ ಕಾಲೇಜಿಗೆ ಹೋಗಲು ಅರ್ಧ ಶತಮಾನ ಹಿಡಿಯಿತು. ಇದೇ ಊರಿನ ಗಂಡುಮಕ್ಕಳಿಗೆ 1880ರಲ್ಲೇ ಜೆಸುಯಿಟ್ ಪಾದ್ರಿಗಳ ಸಂತ ಅಲೋಶಿಯಸ್ ಕಾಲೇಜು ಸಿಕ್ಕಿತ್ತು. ಅಣ್ಣಂದಿರು ಬಿ.ಎ. ಮಾಡಿ ವಕೀಲರಾಗಿ, ಪೆನ್ಶನ್ನೂ ತೆಗೆದುಕೊಳ್ಳುವ ಹೊತ್ತಿಗೆ ಊರಲ್ಲಿ ತಂಗಿಯರ ಕಾಲೇಜಿನ ಬಾಗಿಲು ತೆರೆಯಿತು. ನಡುವೆ ಸರಿಯಾಗಿ 41 ವರ್ಷ.

ಅದಕ್ಕೆ ಮೊದಲು ಓದಲೇಬೇಕೆಂದು ಹಟ ಹಿಡಿದವಳಿಗೆ ಮದರಾಸೇ ಗತಿ. ಆಗ ನಮ್ಮದು ಮದರಾಸು ಪ್ರಾಂತಕ್ಕೆ ಸೇರಿದ ಜಿಲ್ಲೆ. 1907ರಲ್ಲಿ ಮಂಗಳೂರಿಗೆ ರೈಲು ಬಂದಿತ್ತು, 1914ರಲ್ಲಿ ಕ್ವೀನ್ ಮೇರೀಸ್, 1915ರಲ್ಲಿ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ಮದರಾಸಿನಲ್ಲಿ ಶುರುವಾಗಿದ್ದವು. ಆದರೆ ರೈಲು ಇದೆಯೆಂದು ಮಗಳನ್ನು ಹತ್ತಿಸುವ ಅಪ್ಪಂದಿರು ಎಷ್ಟು ಮಂದಿ? ಬೆಂದೂರಿನ ಕಾಲೇಜಿನಲ್ಲಿ ಕಲಿಸುವವರು ಭಗಿನಿಯರು. ಈ ಒಂದು ಭರವಸೆಯಿಂದಲೇ ಕ್ರೈಸ್ತರಷ್ಟೇ ಅಲ್ಲ, ಸಾರಸ್ವತರು, ಬಂಟರು, ಬ್ರಾಹ್ಮಣರು ಕೂಡ ಹೆಣ್ಣುಮಕ್ಕಳನ್ನು ಕಳಿಸಿದರು. ಧರ್ಮದ ಭಯಕ್ಕಿಂತ ಗಂಡುಹುಡುಗರ ಭಯವೇ ಹೆಚ್ಚಾಗಿತ್ತೆಂದು ಕಾಣುತ್ತದೆ.

ಹೀಗೆ ಕಲಿತು ಹೊರಬಂದವರು ಆಮೇಲೆ ಏನಾದರು? ಇಲ್ಲಿಂದಲೇ ತೊಂದರೆ. ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಹಿಡಿದುಕೊಂಡು ಹೋದರೆ ನಾಲ್ಕೈದು ವರ್ಷಗಳಲ್ಲಿ ದಾರಿ ತಪ್ಪುತ್ತದೆ. ಕ್ರೈಸ್ತ ಹುಡುಗಿ ಮದುವೆಯಾದ ದಿನ ಡಿಸೋಜ ಹೋಗಿ ಪಿಂಟೋ ಆಗುತ್ತಾಳೆ. ಅವಳನ್ನಾದರೂ ಹುಡುಕಬಹುದು, ಅವರ ಮದುವೆ, ಮರಣದ ಪ್ರಕಟಣೆಗಳಲ್ಲಿ ತವರಿನ ಹೆಸರನ್ನೂ ಕಾಣಿಸುವ ರೂಢಿಯಿದೆ. ಕೊಂಕಣಿ ಮಾತಾಡುವ ಸಾರಸ್ವತ ಹುಡುಗಿಯ ಪಾಡು ಇನ್ನೂ ಕಷ್ಟ. ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಅವಳಿಗೆ ಹೊಸ ಹೆಸರನ್ನೇ ಬರೆಯುತ್ತಿದ್ದರು. ಮನೆತನದ ಹೆಸರಿನ ಜೊತೆಗೆ, ಅಮ್ಮ ತೊಟ್ಟಿಲಲ್ಲಿಟ್ಟು ಕರೆದ ಹೆಸರೂ ಹೋಯಿತು. ಬಂಟರಲ್ಲಿ ಬಳಿ ತಾಯಿಯಿಂದ ಬರುವುದು, ಮದುವೆಯಾದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಆದರೂ ಗಂಡನ ಹಿಂದೆ ಮುಂಬಯಿಗೆ ಹೋಗಿ ರೇಷನ್ ಕಾರ್ಡು ಮಾಡಿಸುವಾಗ ಎಷ್ಟೋ ರೈಗಳು ಶೆಟ್ಟಿಗಳಾದರು.

ಮದುವೆ ಬೇಡವೆಂದು ಕಾನ್ವೆಂಟ್ ಸೇರಿದವಳ ಹೆಸರಾದರೂ ಉಳಿಯಿತೆ? ಅದೂ ಇಲ್ಲ. ವ್ರತ ತೊಟ್ಟಾಗ ಒಬ್ಬ ಸಂತಳ ಹೆಸರನ್ನೋ ಸಂತನ ಹೆಸರನ್ನೋ ಕೊಡುತ್ತಿದ್ದರು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಅನೇಕ ಭಗಿನಿಯರು ತಮ್ಮ ಜ್ಞಾನಸ್ನಾನದ ಹೆಸರಿಗೆ ಮರಳಿದರು. ಹೀಗಾಗಿ ಒಬ್ಬರಿಗೇ ಮೂರು ಕಾಲಕ್ಕೆ ಮೂರು ಗುರುತು. ಸಂಸಾರಿಯಾಗಲಿ ಸನ್ಯಾಸಿನಿಯಾಗಲಿ, ಹಾಜರಿ ಪುಸ್ತಕದ ಹೆಸರನ್ನು ಹೊಸಿಲಾಚೆ ಬಿಟ್ಟೇ ಒಳಗೆ ಕಾಲಿಡಬೇಕಾಗಿತ್ತು.

ಹೆಸರು ಉಳಿದದ್ದು ಮುಖ್ಯವಾಗಿ ಮದುವೆಯಾಗದೆ, ಕಾನ್ವೆಂಟಿಗೂ ಹೋಗದೆ ಉಳಿದವರದು. ಅವರಲ್ಲಿ ಬಹಳ ಮಂದಿ ಟೀಚರುಗಳು. ತಮ್ಮಂದಿರನ್ನು ಓದಿಸಿ, ತಂಗಿಯರಿಗೆ ಮದುವೆ ಮಾಡಿಸಿ, ಮುದಿ ತಾಯಿಯನ್ನು ನೋಡಿಕೊಂಡವರು. ಆದರೆ ಸುದ್ದಿಯ ಅಂಕಣದಲ್ಲಿ ಅವರಿಗೆ ಸಿಗುತ್ತಿದ್ದ ಜಾಗ ಅತಿ ಕಡಿಮೆ. ಮದುವೆಯಿಲ್ಲ, ಮಗುವಿಲ್ಲ, ವರ್ಗವಿಲ್ಲ, ಹೇಳುವುದೇನಿದೆ? ಅದೇ ಶಾಲೆಯಲ್ಲಿ ಅಧ್ಯಾಪಕಿಯಾಗಿ ಮುಂದುವರಿದಿದ್ದಾರೆ. ಇಷ್ಟೆ. ಈ ಅನ್ಯಾಯ ನನಗೆ ಯಾವಾಗಲೂ ಚುಚ್ಚುತ್ತದೆ.

ಇನ್ನು ಆ ಒಂದು ಸಾಲಿನ ಒಳಗೇನಿದೆ ಎಂಬುದು. ‘ಕಂಪಾಲದಲ್ಲಿ ಪತಿಯೊಂದಿಗೆ ನೆಲೆಸಿದ್ದಾರೆ’ ಎಂಬಂಥ ಸಾಲನ್ನು ಕಂಡರೆ ನಾನು ಮೊದಲು ಇಸವಿ ನೋಡುತ್ತೇನೆ. 1972ರ ಆಗಸ್ಟಿನಲ್ಲಿ ಇದಿ ಅಮೀನ್ ಏಷ್ಯಾದವರಿಗೆ ದೇಶ ಬಿಡಲು ಕೊಟ್ಟದ್ದು 90 ದಿನ. ನೆಲೆಸಿದವರು ಟ್ರಂಕು, ಹೊಲಿಗೆ ಯಂತ್ರ ಎಲ್ಲ ಬಿಟ್ಟು ಎದ್ದರು. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿನೊಳಗೆ ನುಗ್ಗಿತು. ನಮ್ಮ ಜಿಲ್ಲೆಯ ಟೈಪಿಸ್ಟುಗಳು, ನರ್ಸುಗಳು, ಶಾಲಾ ಟೀಚರುಗಳು ಅಲ್ಲಿದ್ದರು. ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನ ಹಿಡಿದು ಬಂದವರು ಸುಮಾರು 1,70,000 ಭಾರತೀಯರು. ಅವರಲ್ಲೊಬ್ಬರು ನನಗೆ ಗೊತ್ತು. ಉಟ್ಟ ಬಟ್ಟೆಯ ಜೊತೆಗೆ ಅವರು ತಂದದ್ದು ಬಿ.ಎ. ಪದವಿಯ ಸರ್ಟಿಫಿಕೇಟು, ಸುರುಳಿ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗುವಿನ ಹಾಲಿನ ಪುಡಿಯ ಡಬ್ಬಿಯಲ್ಲಿ ಇಟ್ಟಿದ್ದರಂತೆ. ಊರಿಗೆ ಬಂದ ಮುಂದಿನ ಜೂನಿನಲ್ಲಿ ಅದೇ ಕಾಗದದ ಬಲದಿಂದ ಅವರಿಗೊಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಸುದ್ದಿಯಲ್ಲಿ ಅಚ್ಚಾದದ್ದು ಮಾತ್ರ, ಕುಟುಂಬದೊಂದಿಗೆ ಮಂಗಳೂರಿಗೆ ಮರಳಿದ್ದಾರೆ ಎಂದು.

ದೂರದ ದೇಶಗಳೇ ಆಗಬೇಕೆಂದಿಲ್ಲ. 1974ರಲ್ಲಿ ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು ಉಳುವವನಿಗೇ ಭೂಮಿ ಎಂದಾಯಿತು. ಆಗಲೇಬೇಕಾಗಿದ್ದ ಕೆಲಸ, ನಮ್ಮ ಜಿಲ್ಲೆಯ ಸಾವಿರಾರು ಒಕ್ಕಲುಗಳು ತಲೆಯೆತ್ತಿ ನಿಂತದ್ದು ಆ ಮೇಲೆ. ಆದರೆ ಗೇಣಿ ಅಕ್ಕಿ ನಂಬಿದ್ದ ಮನೆಗಳಲ್ಲಿ ಅಂಗಳಕ್ಕೆ ಮುಡಿ ಬರುವುದು ನಿಂತಿತು. ಅಂಥ ಒಂದು ಮನೆಯ ಸೊಸೆ ಪದವೀಧರೆ. ಹದಿನಾರು ವರ್ಷ ಆ ಪದವಿ ಅಟ್ಟದ ಪೆಟ್ಟಿಗೆಯಲ್ಲಿತ್ತು. ಹೆಂಗಸು ದುಡಿಯಲು ಹೋದರೆ ಮನೆತನಕ್ಕೆ ಕಡಿಮೆ ಎನ್ನುತ್ತಿದ್ದ ಮಾವನವರೇ ಕೊನೆಗೆ ಅದನ್ನು ಇಳಿಸಿಕೊಟ್ಟರಂತೆ. ಬೆಳಿಗ್ಗೆ ಗಂಜಿ ಬೇಯಿಸಿಟ್ಟು ಏಳೂವರೆಯ ಬಸ್ಸಿಗೆ ಓಡುತ್ತಿದ್ದೆ ಎಂದು ಆ ತಾಯಿ ಈಗ ನಗುತ್ತಾ ಹೇಳುತ್ತಾರೆ. ಮೊದಲ ಸಂಬಳ ತಂದ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲವಂತೆ. ಅತ್ತೆ ಮಾತ್ರ ಕರೆದು, ನಿನಗೊಂದು ಕೊಡೆ ತೆಗೆದುಕೋ ಅಂದರಂತೆ.

ಇದೆಲ್ಲ ಈಗ ಹೊರಬರುತ್ತಿದೆ. ಎಪ್ಪತ್ತೈದು, ಎಂಬತ್ತು ದಾಟಿದ ಈ ಹಳೆ ವಿದ್ಯಾರ್ಥಿನಿಯರ ಪತ್ರಗಳ ಧಾಟಿಯೇ ಬೇರೆಯಾಗಿದೆ. ಮೊದಲು ಅವರ ಸುದ್ದಿಯನ್ನು ಕೊಡುತ್ತಿದ್ದವರು ಇತರರು: ತಂದೆ, ತಂಗಿ, ಅದೇ ಊರಿನ ಗೆಳತಿ. ಈಗ ತಮ್ಮದನ್ನು ತಾವೇ ಬರೆಯುತ್ತಾರೆ. ಗಂಡ ತೀರಿಕೊಂಡ ವರ್ಷ, ಮೊಣಕಾಲಿನ ಆಪರೇಶನ್, ಕೆನಡಾದ ಮಗನ ಮನೆಯ ಚಳಿ, ಮಗಳ ವಿಚ್ಛೇದನ. ಹಿಂದೆ ಅಚ್ಚಿಗೆ ಬಾರದಿದ್ದ ಮಾತುಗಳು ಎಷ್ಟು ಸಲೀಸಾಗಿ ಬರುತ್ತವೆ! ಸಹಿ ಮಾಡುವಾಗ ಹಲವರು ತವರಿನ ಹೆಸರನ್ನು ಮೊದಲು ಹಾಕಿ, ಗಂಡನ ಮನೆಯದನ್ನು ಕಂಸದಲ್ಲಿಡುತ್ತಾರೆ. ಹಳೆಯ ಗೆಳತಿಯರಿಗೆ ಗುರುತು ಸಿಗಲಿ ಎಂದು ಇರಬಹುದು. ಬೇರೆ ಕಾರಣವೂ ಇರಬಹುದು, ನಾನು ಕೇಳಿಲ್ಲ.

ಇವರನ್ನೆಲ್ಲ ಒಟ್ಟಿಗೆ ಹಿಡಿದಿಟ್ಟವರು ಯಾರು ಎಂದರೆ ಮತ್ತೆ ಆ ಮದುವೆಯಾಗದ ಟೀಚರುಗಳೇ. ವಿಳಾಸ ಬದಲಾಗದವರು ಅವರೊಬ್ಬರೇ ಆದ್ದರಿಂದ ಎಲ್ಲರ ಕ್ರಿಸ್ಮಸ್ ಕಾರ್ಡು, ಮದುವೆ ಕಾಗದ, ಮರಣದ ಸುದ್ದಿ ಅವರ ಮನೆಗೇ ಬರುತ್ತಿತ್ತು. ನಾನು ಬಲ್ಲ ಒಬ್ಬರು 1962ರಲ್ಲಿ ಬಿ.ಎ. ಮುಗಿಸಿದವರು, ಈಗ ಎಂಬತ್ತನಾಲ್ಕು. ಅವರಲ್ಲಿ ಉದ್ದನೆಯ ಲೆಕ್ಕದ ಪುಸ್ತಕವೊಂದಿದೆ. ಒಬ್ಬೊಬ್ಬ ಸಹಪಾಠಿಗೆ ಒಂದೊಂದು ಪುಟ; ಮೇಲೆ ಹಾಜರಿ ಪುಸ್ತಕದ ಹೆಸರು, ಅದರ ಕೆಳಗೆ ಮದುವೆಯ ಅಥವಾ ಕಾನ್ವೆಂಟಿನ ಹೆಸರು, ಆಮೇಲೆ ಹೊಡೆದು ಹಾಕಿದ ವಿಳಾಸಗಳ ಸಾಲು. ದಾದರ್, ನೈರೋಬಿ, ಬೆಂಗಳೂರು, ಮತ್ತೆ ಬಲ್ಮಠ. ತೀರಿಕೊಂಡವರ ಪುಟದ ಮೂಲೆಯಲ್ಲಿ ತಾರೀಕು ಮತ್ತು ಸಣ್ಣ ಶಿಲುಬೆ; ಹಿಂದೂ ಗೆಳತಿಯಾದರೆ ತಾರೀಕು ಮಾತ್ರ.

ಕಣ್ಣು ಮಂಜಾಗುತ್ತಿದೆಯೆಂದು ಈಗ ಮೊಮ್ಮಗಳ ವರಸೆಯ ಹುಡುಗಿಯೊಬ್ಬಳಿಂದ ಅದನ್ನೆಲ್ಲ ಮೊಬೈಲಿಗೆ ಹಾಕಿಸುತ್ತಿದ್ದಾರೆ. ಇಷ್ಟು ಹೆಸರು ಯಾಕೆ ಬಾಯಿ, ಒಂದು ಸಾಲದೆ ಎಂದು ಹುಡುಗಿ ಗೊಣಗಿದಳು. ಎಲ್ಲವನ್ನೂ ಹಾಕು, ಮೊದಲಿನದನ್ನು ಮೊದಲು ಹಾಕು ಎಂದು ಟೀಚರ್ ಹೇಳಿ, ಮುಂದಿನ ಪುಟ ತಿರುವಿದರು.