ಸಕಲೇಶಪುರ ಹಳೇ ಪೇಟೇಲಿ ಒಂದು ಬೆಡ್‌ರೂಂ ಬಾಡಿಗೆ ಮನೆ: ಹೆಂಚಿನ ರಿಪೇರಿ ಯಾರದ್ದು?

ಸಕಲೇಶಪುರ: ಹೇಮಾವತಿ ದಂಡೆಯ ಹಳೇ ಪೇಟೆಯಲ್ಲಿ ಒಂದು ಬೆಡ್‌ರೂಂ ಮನೆ ಹುಡುಕುವವರು ಮೊದಲು ಸೂರು ನೋಡಬೇಕು. ಮಂಗಳೂರು ಹೆಂಚಿನ ಮನೆ ಬೇಸಿಗೆಯಲ್ಲಿ ಚೆನ್ನಾಗೇ ಕಾಣುತ್ತೆ. ಸೋರೋದು ಗೊತ್ತಾಗೋದು ಜೂನ್ ಮಳೆಗೆ. ಗೋಡೆಯ ತೇವದ ಕಲೆ, ರೀಪರ್ ಪಟ್ಟಿ ಗಮನಿಸಿ. ಹೊಳೆಮಲ್ಲೇಶ್ವರ ದೇವಸ್ಥಾನದ ಕಡೆಯ ತಗ್ಗಾದರೆ, ಹೊಳೆ ನೀರು ಎಲ್ಲೀವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನ ಕೇಳಿ.

ಕರಾರು: ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ರೂಢಿಯಾಗಿರೋದು ಇದಕ್ಕೇ.

ರಿಪೇರಿ: ಹೆಂಚು ಕೈಯಾಡಿಸುವ ಖರ್ಚು ಮಾಲೀಕರದ್ದು ಅಂತ ಕರಾರಿನಲ್ಲೇ ಬರೆಸಿ. ಹಾಗೆ ಬರೆದಿದ್ದು, ನೋಟಿಸ್ ಕೊಟ್ಟ ಮೇಲೂ ಸಕಾಲಕ್ಕೆ ಮಾಡಿಸದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನೋಟಿಸಿನ ಪ್ರತಿ, ಬಿಲ್ಲು ಜೋಪಾನ.